ಕಿರುಬೆರಳಿಗೆ ಹುಡುಕಿದ ಪದಗಳು

ಹೋದ ವಾರ ನಮ್ಮ ಆಫೀಸಿನ ರೆಕಾರ್ಡ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ತೆಗೆದಾಗಲೆಲ್ಲ ಕಿರ್ರೆನ್ನುತ್ತಿತ್ತು. ಜವಾನರು ಎಲ್ಲಿಂದಲೋ ಹೊಲಿಗೆ ಮೆಷಿನ್ನಿನ ಎಣ್ಣೆ ತಂದು ಅದರ ಕೀಲುಗಳಿಗೆ ಬಿಟ್ಟರು. ಚಾಮರಾಜನಗರದ ಮಧ್ಯಾಹ್ನದ ಸೆಕೆಗೆ ಆ ಎಣ್ಣೆಯ ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡಿತು. ನಾನು ಒಂದು ಫೈಲು ಓದುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನನ್ನ ಎಡಗೈಯ ಕಿರುಬೆರಳು ನನ್ನನ್ನು ಕೇಳದೆಯೇ ಮೇಜಿನ ಮೇಲೆ ಕುಟ್ಟುತ್ತಿದೆ. ಎ, ಎ, ಕ್ಯೂ, ಎ, ಝೆಡ್... ಪಕ್ಕದ ಮೇಜಿನವರು ಭಜನೆಗೆ ತಾಳ ಹಾಕುತ್ತಿದ್ದೀರಾ ಎಂದು ಕೇಳಿ ನಕ್ಕರು. ನಾನೂ ನಕ್ಕೆ. ಆಮೇಲೆ ಫೈಲಿನ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಆ ವಾಸನೆಯ ಜೊತೆಗೆ ನಮ್ಮ ಟೈಪಿಂಗ್ ಮೇಷ್ಟ್ರು ಬಂದು ಎದುರಿಗೆ ಕೂತುಬಿಟ್ಟಿದ್ದರು. ಅವರು ತೀರಿಕೊಂಡು ಮೂರು ತಿಂಗಳಾಗಿದೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಗುಂಡ್ಲುಪೇಟೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ಸೈಕಲ್ ಶಾಪು, ಅದರ ಮಹಡಿಯ ಮೇಲೆ ಮೇಷ್ಟ್ರ ಟೈಪಿಂಗ್ ಶಾಲೆ. ಹನ್ನೆರಡು ಮೆಷಿನ್ನುಗಳು. ಒಂದೊಂದಕ್ಕೂ ಅವರು ಹೆಸರಿಟ್ಟಿದ್ದರು. ಕೀ ಒತ್ತಿದರೆ ಕೆಳಗೆ ಸೈಕಲ್ ಶಾಪಿನವರಿಗೂ ಕೇಳುವಂಥದ್ದು ಗೂಳಿ. ಮಾತುಮಾತಿಗೆ ಸಿಕ್ಕಿಹಾಕಿಕೊಂಡು ನಿಲ್ಲುವಂಥದ್ದು ಅತ್ತೆ. ಹೊಸಬರನ್ನು ಮೊದಲು ಅತ್ತೆಯ ಮುಂದೆಯೇ ಕೂರಿಸುತ್ತಿದ್ದರು. ಅಲ್ಲಿ ಬಾಳಿದವರು ಎಲ್ಲಿಯಾದರೂ ಬಾಳುತ್ತಾರೆ ಎನ್ನುವುದು ಅವರ ಲೆಕ್ಕ. ಬೆಳಗ್ಗೆ ನಾವು ಹೋಗುವ ಹೊತ್ತಿಗೆ ಕೋಳಿಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ, ಹನ್ನೆರಡಕ್ಕೂ ಅಭ್ಯಂಜನ ಮಾಡಿಸಿ ಮುಗಿಸಿರುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಎದುರುಗೊಳ್ಳುತ್ತಿತ್ತು.

ಅವರು ಪಾಠ ಮಾಡುತ್ತಿದ್ದ ರೀತಿಯೇ ಬೇರೆ. ನಮಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ, ಪೇಪರು ಓದುತ್ತ ಕೂರುತ್ತಿದ್ದರು. ಪಕ್ಕದಲ್ಲಿ ಒಂದು ಡಬ್ಬಿ ಕಡ್ಲೆಪುರಿ. ಹನ್ನೆರಡು ಮೆಷಿನ್ನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ, ಯಾರ ಯಾವ ಬೆರಳು ಯಾವ ಕೀಗೆ ಬಿತ್ತು ಎನ್ನುವುದು ಅವರಿಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಒಬ್ಬೊಬ್ಬರ ಬೆರಳಿನ ಏಟಿಗೂ ಒಂದೊಂದು ಸದ್ದಂತೆ. ನಾನು ಸೇರಿದ ಮೊದಲ ದಿನವೇ, ಮೊದಲ ಸಾಲು ಹೊಡೆಯುತ್ತಿದ್ದಂತೆ, ಅವರು ಪೇಪರಿನಿಂದ ತಲೆಯೆತ್ತದೆ ಕೇಳಿದರು.

"ಯಾರಮ್ಮಿ ಅದು, ಉಂಗುರದ ಬೆರಳಲ್ಲಿ ಎ ಹೊಡೀತಿರೋದು?"

ಟೈಪಿಂಗ್ ಕಲಿತವರಿಗೆ ಗೊತ್ತಿರುತ್ತದೆ, ಮೊದಲ ಪಾಠದ ಮೊದಲ ಅಕ್ಷರವೇ ಎ. ಅದು ಎಡಗೈಯ ಕಿರುಬೆರಳಿನ ಪಾಲು. ಅದರ ಮೇಲಿನ ಕ್ಯೂ, ಕೆಳಗಿನ ಝೆಡ್, ಅವೂ ಅದಕ್ಕೇ. ನನ್ನ ಆ ಬೆರಳು ಕೆಲಸಕ್ಕೆ ಬಾರದಾಗಿತ್ತು. ಹಿಂದಿನ ವರ್ಷ ಭೀಮನಬೀಡಿನ ನಮ್ಮ ಕೊಟ್ಟಿಗೆಯ ಮುಂದೆ ಅಪ್ಪ ದನಗಳಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದರು, ನಾನು ಕಂತೆ ಹಿಡಿದು ಮುಂದಕ್ಕೆ ತಳ್ಳುತ್ತಿದ್ದೆ. ಏನೋ ಮಾತಾಡುತ್ತ ನಕ್ಕೆವು. ಮಚ್ಚು ಕಡ್ಡಿಯ ಜೊತೆಗೆ ಬೆರಳಿನ ಮೇಲೂ ಬಿತ್ತು. ಡಾಕ್ಟರು ಹೊಲಿದು ಬೆರಳನ್ನು ಉಳಿಸಿದರು. ಆದರೆ ಅದು ಬಾಗಿಕೊಂಡೇ ಇತ್ತು, ಒಂದು ಗುಂಡಿ ಹಾಕುವಷ್ಟೂ ಬಲ ಇರಲಿಲ್ಲ. ಅಪ್ಪ ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನನ್ನ ಎಡಗೈಯ ಕಡೆ ನೋಡುವುದನ್ನೂ ಬಿಟ್ಟರು. ಊಟಕ್ಕೆ ಕೂತರೆ ನನ್ನ ಬಲಗಡೆಗೇ ಬಂದು ಕೂರುತ್ತಿದ್ದರು. ಪಿಯುಸಿ ಮುಗಿಸಿದ ನನ್ನನ್ನು ಟೈಪಿಂಗಿಗೆ ಸೇರಿಸಿದ್ದು ಅವರೇ. ಗದ್ದೆ ತೋಟದ ಕೆಲಸ ನನ್ನ ಕೈಗೆ ಇನ್ನು ಬೇಡ ಎನ್ನುವುದು ಅವರ ಮನಸ್ಸಿನಲ್ಲಿತ್ತೇನೋ. ಬೆರಳು ಬಾರದವಳನ್ನು ಬೆರಳಿನ ವಿದ್ಯೆಗೇ ಕಳಿಸುತ್ತಿದ್ದೇನೆ ಎಂದು ಅವರಿಗೆ ಹೊಳೆದಿರಲಿಲ್ಲ ಪಾಪ.

ಅಮ್ಮನ ಮಾತು ಮಾತ್ರ ಖಡಾಖಂಡಿತವಾಗಿತ್ತು. ಆರು ತಿಂಗಳು ನೋಡುತ್ತೇನೆ, ಪರೀಕ್ಷೆಗೆ ಕೂತರೆ ಸರಿ, ಇಲ್ಲದಿದ್ದರೆ ಚೆಂಡು ಹೂವಿನ ಹೊಲ ಕಾಯುತ್ತಿದೆ ಎಂದು ಹೇಳಿಯಾಗಿತ್ತು. ಪರೀಕ್ಷೆಯ ಅರ್ಜಿಗೆ ಮೇಷ್ಟ್ರ ಸಹಿ ಬೇಕು. ಮೇಷ್ಟ್ರು ಮೊದಲ ವಾರದಲ್ಲೇ ಹೇಳಿಬಿಟ್ಟರು, ಒಂಬತ್ತು ಬೆರಳಿಗೆ ಸಹಿ ಹಾಕುವುದಿಲ್ಲ ಎಂದು. ಪರೀಕ್ಷೆಯವರು ಬೆರಳು ನೋಡುವುದಿಲ್ಲ, ಹಾಳೆ ನೋಡುತ್ತಾರೆ, ಎಷ್ಟೋ ಜನ ಎರಡೇ ಬೆರಳಿನಲ್ಲಿ ಕುಟ್ಟಿ ಜೀವನ ಮಾಡುತ್ತಾರೆ ಎಂದೆಲ್ಲ ನಾನು ವಾದ ಮಾಡಿದೆ. ಅವರು ಜೀವನ ಮಾಡಲಿ, ನನ್ನ ಶಾಲೆಯಿಂದ ಮಾಡುವುದು ಬೇಡ ಎಂದರು ಮೇಷ್ಟ್ರು. ಕೊನೆಗೆ ನಾನು ಅಳು ತಡೆದುಕೊಂಡು, ಐದು ಬೆರಳೂ ಸಮ ಇರುತ್ತವಾ ಸಾರ್ ಎಂದೆ.

"ಸಮ ಇರೋದು ಬ್ಯಾಡ ಕಣಮ್ಮಿ, ಕೆಲ್ಸಕ್ಕೆ ಬಂದ್ರೆ ಸಾಕು. ಅದು ಸತ್ತಿಲ್ಲ, ಕೂತ್ಕಂಡು ಉಣ್ತಾ ಅದೆ."

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅವರನ್ನು ಮನಸಾರೆ ಬೈದುಕೊಂಡೆ.

ಅದಾಗಿ ಮೂರೋ ನಾಲ್ಕೋ ದಿನಕ್ಕೆ ಮೇಷ್ಟ್ರು ನನ್ನನ್ನು ಕರೆದು ಒಂದು ಇಪ್ಪತ್ತು ಹಾಳೆಯ ನೋಟ್‌ಬುಕ್ ಕೊಟ್ಟರು. ಎ, ಕ್ಯೂ, ಝೆಡ್, ಈ ಮೂರರಲ್ಲಿ ಯಾವುದಾದರೂ ಅಕ್ಷರ ಇರುವ ಇಂಗ್ಲಿಷ್ ಪದಗಳನ್ನು ದಿನಕ್ಕೆ ಹತ್ತು ಹುಡುಕಿ ಬರೆದುಕೊಂಡು ಬರಬೇಕು. ಒಂದು ಪದ ಹೊಡೆಯುವಾಗ ಕಿರುಬೆರಳು ಕನಿಷ್ಠ ಎರಡು ಸಲವಾದರೂ ಏಳಬೇಕು, ಅಂಥದ್ದೇ ಆಗಬೇಕು. ಡಿಕ್ಷನರಿ ಮುಟ್ಟಕೂಡದು. ಕಣ್ಣಾರೆ ಎಲ್ಲಾದರೂ ಬರೆದಿರುವುದನ್ನು ನೋಡಿರಬೇಕು, ಎಲ್ಲಿ ನೋಡಿದೆ ಎನ್ನುವುದನ್ನೂ ಪಕ್ಕದಲ್ಲಿ ಬರೆಯಬೇಕು. ಆ ಹತ್ತು ಪದವನ್ನು ಅತ್ತೆಯ ಮೇಲೆ ಒಂದೊಂದು ಪುಟ ಹೊಡೆಯಬೇಕು. ನಮ್ಮ ಕಡೆ ಯಾವ ಗೋಡೆಯ ಮೇಲೆ ಅಷ್ಟು ಇಂಗ್ಲಿಷ್ ಬರೆದಿರುತ್ತದೆ ಎಂದು ನಾನು ಗೊಣಗಿಕೊಂಡೆ.

ಬರೆದಿತ್ತು, ನಾನು ನೋಡಿರಲಿಲ್ಲ ಅಷ್ಟೆ. ಬಾಳೆಕಾಯಿಯ ಲಾರಿಯ ಮೇಲೆ ಬನಾನ ಎಂದಿತ್ತು. ಅದೊಂದರಲ್ಲೇ ಕಿರುಬೆರಳು ಮೂರು ಸಲ ಏಳಬೇಕು. ನೀರಿನ ಬಾಟಲಿಯ ಮೇಲೆ ಅಕ್ವಾ. ಪುಸ್ತಕದ ಅಂಗಡಿಯ ಮೇಲೆ ಮ್ಯಾಗಝೀನ್. ತೆರಕಣಾಂಬಿ ಕಡೆಯ ಬಸ್ಸಿನ ಬೋರ್ಡಿನಲ್ಲಿ ಮೂರು ಎ. ಜಿಲ್ಲೆಯ ಹೆಸರಂತೂ ಹಬ್ಬವೇ ಸರಿ. ಚಾಮರಾಜನಗರ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ, ಆರು ಎ. ಅದನ್ನು ಒಂದು ಪುಟ ಹೊಡೆದು ಮುಗಿಸುವ ಹೊತ್ತಿಗೆ ಬೆರಳಿನಿಂದ ಮೊಣಕೈವರೆಗೂ ಜುಮುಜುಮು ಎನ್ನುತ್ತಿತ್ತು. ಗುಂಡ್ಲುಪೇಟೆಯಲ್ಲಿ ಒಂದೇ ಒಂದು ಎ ಇಲ್ಲ. ನೋಡಮ್ಮಿ, ನಮ್ಮೂರು ನಿನಗೆ ರಜಾ ಕೊಟ್ಟಿದೆ ಎಂದು ಮೇಷ್ಟ್ರು ತಮಾಷೆ ಮಾಡಿದ್ದರು.

ಹೆದ್ದಾರಿಗೆ ನಿಂತರಂತೂ ಸುಗ್ಗಿ. ಕೇರಳದ ಕಡೆಯ ಬಸ್ಸು, ಲಾರಿ, ತರಕಾರಿ ತುಂಬಿಕೊಂಡು ಹೋಗುವ ಗೂಡ್ಸ್ ಗಾಡಿ, ಎಲ್ಲ ಗುಂಡ್ಲುಪೇಟೆಯ ನಡುವೆಯೇ ಹಾದುಹೋಗಬೇಕು. ಮಲಯಾಳಿಗಳು ನಾಲಗೆ ಮಡಿಸಿ ಹೇಳುವ ಒಂದು ಅಕ್ಷರ ಇದೆಯಲ್ಲ, ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಝೆಡ್ ಹಾಕುತ್ತಾರೆ. ಹಾಗಾಗಿ ಅವರ ಊರುಗಳಲ್ಲೆಲ್ಲ ಝೆಡ್ಡೋ ಝೆಡ್ಡು. ಕೋಝಿಕ್ಕೋಡಿನಲ್ಲಿ ಒಂದು. ಆಲಪ್ಪುಳದಲ್ಲಿ ಮೂರು ಎ ಮತ್ತು ಒಂದು ಝೆಡ್, ಒಟ್ಟು ನಾಲ್ಕು ಏಟು. ಒಂದು ಬೆಳಗ್ಗೆ ರಸ್ತೆ ಬದಿ ನಿಂತು ಇಪ್ಪತ್ತು ಊರು ಬರೆದುಕೊಂಡು, ಗೆದ್ದೆ ಎಂದು ಮೆಟ್ಟಿಲು ಹತ್ತಿದೆ. ಮೇಷ್ಟ್ರು ನೋಟ್‌ಬುಕ್ ಮೇಲಿಂದ ಕೆಳಗೆ ನೋಡಿ, ಒಂದೆರಡು ಬಿಟ್ಟುಕೊಟ್ಟೆ, ಊರಿನ ಹೆಸರುಗಳು ಪದಗಳಲ್ಲ, ಲೆಕ್ಕಕ್ಕಿಲ್ಲ ಎಂದರು. ನನ್ನ ಮುಖ ಬಾಡಿದ್ದು ಕಂಡಿರಬೇಕು. ಕಡ್ಲೆಪುರಿಯ ಡಬ್ಬಿ ನನ್ನ ಕಡೆ ತಳ್ಳಿದರು.

"ಆದ್ರೆ ನಿನ್ ಬೆರಳಿಗೆ ಅದೆಲ್ಲ ತಿಳೀದಲ್ಲ. ಹೊಡಿ ಹೊಡಿ, ಒಂದು ಸಲ ಕೇರಳ ಸುತ್ತಾಡ್ಕೊಂಡು ಬರ್ಲಿ."

ಮನೆಯಲ್ಲಿ ನಾನು ಈ ವಿಷಯ ಹೇಳುವ ಮೊದಲೇ ಅಪ್ಪನಿಗೆ ಗೊತ್ತಾಗಿತ್ತು. ಯಾರು ಹೇಳಿದರೋ, ನಾನೂ ಕೇಳಲಿಲ್ಲ. ನೋಟ್‌ಬುಕ್ ಸಿಕ್ಕ ದಿನ ಸಾಯಂಕಾಲವೇ ಅಪ್ಪ ಅಂಗಿಯ ಜೇಬಿನಿಂದ ಒಂದು ಬಿತ್ತನೆ ಬೀಜದ ಚೀಲದ ತುಂಡು ತೆಗೆದು ನನ್ನ ಮುಂದಿಟ್ಟು, "ಇದ್ರಲ್ಲಿ ಝೆಡ್ಡು ಅದಾ ನೋಡು ಕೂಸು" ಎಂದರು. ಮುಸುಕಿನ ಜೋಳದ ಬೀಜ. ಮೇಯ್ಜ್ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಎ ಒಂದು, ಝೆಡ್ ಒಂದು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಲಾರಿ ನಂಬರು ನೋಡಿ ನೋಡಿ ಗುರುತು ಹಿಡಿಯಲು ಕಲಿತಿದ್ದರು. ಸೇರಿಸಿ ಓದಲು ಬಾರದು. ಓದು ನನ್ನದು, ಹುಡುಕುವುದು ಅವರದು ಎಂದು ತಾವೇ ಪಾಲು ಮಾಡಿಕೊಂಡರು.

ಅಲ್ಲಿಂದ ಮುಂದೆ ಅಪ್ಪ ಎಲ್ಲಿಗೆ ಹೋದರೂ ಒಂದು ಚೀಟಿ ತರುತ್ತಿದ್ದರು. ಔಷಧಿ ಅಂಗಡಿಯ ಕವರು, ಸಿಮೆಂಟ್ ಚೀಲದ ಮೂಲೆ, ಯಾರದೋ ಮದುವೆ ಕಾಗದ. ನಮ್ಮ ತಾಲೂಕಿನ ಕಾಡಂಚಿನ ಮದ್ದೂರಿನ ಕಡೆ ಯಾರದೋ ತೋಟಕ್ಕೆ ಹೋಗಿದ್ದವರು ಕಾಡಿನ ಚೆಕ್‌ಪೋಸ್ಟಿನ ಬೋರ್ಡನ್ನು ಹಾಗೆಯೇ ಬೀಡಿ ಕಟ್ಟಿನ ಮೇಲೆ ಚಿತ್ರ ಬರೆದ ಹಾಗೆ ಬರೆದುಕೊಂಡು ಬಂದಿದ್ದರು. ಒಂದು ದಿನ ಗೊಬ್ಬರದಂಗಡಿಯಲ್ಲಿ ಝೆಡ್ ಕಂಡಿದೆಯೆಂದು ಝಿಂಕಿನ ಒಂದು ಪೊಟ್ಟಣವನ್ನೇ ಕೊಂಡು ತಂದರು. ಹೊಲಕ್ಕೆ ಅದು ಬೇಕಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು. ಅದರಲ್ಲಿ ಬೆರಳು ಒಂದೇ ಸಲ ಏಳುತ್ತದೆ, ಆಗಲ್ಲಪ್ಪ ಎಂದರೆ, ಇರಲಿ, ಒಂದು ಏಟಾದರೂ ಸಿಕ್ಕಿತಲ್ಲ ಎಂದರು. ಅಮ್ಮ ಆ ಪೊಟ್ಟಣ ನೋಡಿ ಹಣೆ ಚಚ್ಚಿಕೊಂಡರು.

ಅಜ್ಜಿಯೂ ಸುಮ್ಮನಿರಲಿಲ್ಲ. ಅವರಿಗೆ ಕನ್ನಡ ಓದಲೂ ಬಾರದು. ಆದರೆ ಝೆಡ್ ಹೇಗಿರುತ್ತದೆ ಎಂದು ನನ್ನಿಂದ ನೆಲದ ಮೇಲೆ ಬರೆಸಿಕೊಂಡು ನೋಡಿ ಇಟ್ಟುಕೊಂಡರು. ಮಾರನೆಯ ದಿನದಿಂದ ಸೋಪಿನ ಕವರು, ಮಾತ್ರೆಯ ಹಾಳೆ, ಬಿಸ್ಕತ್ತಿನ ಪೊಟ್ಟಣ ಎಲ್ಲ ತಂದು ಗುಡ್ಡೆ ಹಾಕಿದರು. ಎಲ್ಲದರಲ್ಲೂ ಝೆಡ್ ಇದೆಯಂತೆ. ನೋಡಿದರೆ ಒಂದರಲ್ಲೂ ಇಲ್ಲ. ಅವರು ಪೊಟ್ಟಣವನ್ನು ಅಡ್ಡಡ್ಡ ಹಿಡಿದು ನೋಡುತ್ತಿದ್ದರು. ಎನ್ ಅಕ್ಷರ ಮಲಗಿಕೊಂಡು ಅವರ ಕಣ್ಣಿಗೆ ಝೆಡ್ ಆಗುತ್ತಿತ್ತು. ನಾನು ಹೇಳಿದ್ದಕ್ಕೆ, ನೆಟ್ಟಗೆ ನಿಂತರೆ ಒಂದು ಹೆಸರು ಮಲಗಿದರೆ ಒಂದು ಹೆಸರು, ಇದೆಂಥ ಭಾಷೆ ಎಂದು ಇಂಗ್ಲಿಷನ್ನೇ ಬೈದರು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಕಡ್ಲೆಪುರಿ ನೆತ್ತಿಗೆ ಹತ್ತಿ ಕೆಮ್ಮುವವರೆಗೆ ನಕ್ಕರು. ನಿಮ್ಮಜ್ಜಿಗೆ ಒಂದು ಮೆಷಿನ್ನು ಖಾಲಿ ಇಟ್ಟಿರುತ್ತೇನೆ ಎಂದರು.

ಬೆರಳು ಸುಲಭಕ್ಕೆ ಮಣಿಯಲಿಲ್ಲ. ಮೊದಲ ತಿಂಗಳು ಎಷ್ಟು ಒತ್ತಿದರೂ ಕೀ ಅರ್ಧಕ್ಕೇ ನಿಲ್ಲುತ್ತಿತ್ತು, ಹಾಳೆಯ ಮೇಲೆ ಎ ಇರಬೇಕಾದ ಕಡೆಯೆಲ್ಲ ಬಿಳಿ. ನೋವು ತಾಳಲಾರದೆ ನಾನು ಎಷ್ಟೋ ಸಲ ಕಳ್ಳತನ ಮಾಡಿದ್ದೇನೆ. ಮೇಷ್ಟ್ರು ನೀರು ಕುಡಿಯಲು ಎದ್ದಾಗ ಉಂಗುರದ ಬೆರಳಲ್ಲಿ ಎರಡು ಸಾಲು ಹೊಡೆದುಬಿಡುತ್ತಿದ್ದೆ. ವಾಪಸ್ಸು ಬಂದವರು ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಸಿಕ್ಕಿಬೀಳುತ್ತಿದ್ದೆ. ಕಿರುಬೆರಳಿನ ಏಟು ಮೆತ್ತಗೆ, ಅದು ಹೊಡೆದ ಎ ತೆಳ್ಳಗೆ ಮೂಡುತ್ತದೆ. ಉಂಗುರದ ಬೆರಳಿನದು ಕಪ್ಪಗೆ ಮೂಡುತ್ತದೆ. ಅವರು ಬೈಯುತ್ತಿರಲಿಲ್ಲ. ಕಪ್ಪಗಿರುವ ಎ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಹಾಳೆಯನ್ನು ವಾಪಸ್ಸು ಕೊಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಮೂರು ತಿಂಗಳಾಗುವ ಹೊತ್ತಿಗೆ ಮೇಷ್ಟ್ರು ಒಂದು ಪಂದ್ಯ ಕಟ್ಟಿದರು. ಎ, ಕ್ಯೂ, ಝೆಡ್ ಮೂರೂ ಇರುವ ಒಂದೇ ಒಂದು ಪದ ತಂದವರಿಗೆ ಮಸಾಲೆ ದೋಸೆ. ಶಾಲೆಗೆ ಶಾಲೆಯೇ ಹುಚ್ಚು ಹಿಡಿದ ಹಾಗೆ ಹುಡುಕಿತು. ಕ್ಯೂ ಸಿಕ್ಕಿದರೆ ಝೆಡ್ ಇಲ್ಲ, ಎರಡೂ ಸಿಕ್ಕಿದರೆ ಎ ಇಲ್ಲ. ಕ್ವಿಝ್ ಎಂದು ಒಬ್ಬರು ಕುಣಿದುಕೊಂಡು ಬಂದು ಮುಖ ಸಪ್ಪೆ ಮಾಡಿಕೊಂಡು ಕೂತರು. ಅಪ್ಪನಿಗೂ ಹೇಳಿದೆ. ಮಾರನೆಯ ದಿನದಿಂದ ಅವರ ಜೇಬು ಇನ್ನೂ ದಪ್ಪವಾಯಿತು.

ಅರ್ಜಿ ಕಟ್ಟುವ ಕಡೆಯ ದಿನಕ್ಕೆ ಇನ್ನು ನಾಲ್ಕೇ ದಿನ ಇತ್ತು. ಅಪ್ಪ ಮಂಡಿಗೆ ಈರುಳ್ಳಿ ಹಾಕಲು ಗುಂಡ್ಲುಪೇಟೆಗೆ ಬಂದವರು ನಮ್ಮ ಶಾಲೆಯ ಮೆಟ್ಟಿಲು ಹತ್ತಿ ಬಂದರು. ಅವರು ಅಲ್ಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ ಕೈ ಮುಗಿದು ನಿಂತರು. ಮೇಷ್ಟ್ರು ಒಂದು ಬೆಂಚನ್ನು ಸರಿಸಿ, ಗೋಡೆಗೆ ಎದುರಾಗಿ ಹಾಕಿ, ಕೂರಿ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಟೈಮ್ ಎಷ್ಟಾಯ್ತು ನೋಡಿ ಹೇಳಿ ಯಜಮಾನರೇ ಎಂದರು. ಮೇಷ್ಟ್ರ ಕೈಯಲ್ಲಿ ವಾಚು ಇತ್ತು. ಅದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಅಪ್ಪ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು. ನೋಡುತ್ತಲೇ ಇದ್ದರು. ಟೈಮ್ ಹೇಳಲಿಲ್ಲ. ಎದ್ದು ಗಡಿಯಾರದ ಕೆಳಗೆ ಹೋಗಿ ನಿಂತು, ಬೆರಳು ಮೇಲೆ ಮಾಡಿ, ಒಂದೊಂದೇ ಅಕ್ಷರ ಹೇಳಿದರು. ಕ್ಯೂ... ಯು... ಎ... ಆರ್... ಟಿ... ಝೆಡ್.

ಹನ್ನೆರಡು ಮೆಷಿನ್ನೂ ನಿಂತವು. ಕ್ವಾರ್ಟ್ಜ್. ಗಡಿಯಾರದ ಮುಖದ ಮೇಲೆ, ಆರರ ಅಂಕಿಯ ಮೇಲ್ಗಡೆ, ಅಚ್ಚುಕಟ್ಟಾಗಿ ಬರೆದಿತ್ತು. ಒಂದು ಗಂಟೆ ಯಾವಾಗ ಮುಗಿಯುತ್ತದೋ ಎಂದು ನಾವು ದಿನಕ್ಕೆ ಐವತ್ತು ಸಲ ನೋಡುತ್ತಿದ್ದ ಗಡಿಯಾರ ಅದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆವು. ನಾವು ಮುಳ್ಳು ನೋಡುತ್ತಿದ್ದೆವು, ಅಪ್ಪ ಅಕ್ಷರ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅಪ್ಪನಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ಅವರ ಬೆನ್ನು ತಟ್ಟಿ, ನೀವೇ ಫಸ್ಟ್ ಕ್ಲಾಸು ಎಂದರು. ನಾವು ಮೂವರೂ ಹೋಟೆಲಿಗೆ ಹೋಗಿ ದೋಸೆ ತಿಂದೆವು. ಮಚ್ಚು ಬಿದ್ದ ದಿನದಿಂದ ಅಪ್ಪ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗುವಿನ ಮುಂದೆ ಪರೀಕ್ಷೆ ಗಿರೀಕ್ಷೆ ಎಲ್ಲ ಸಣ್ಣದಾಗಿ ಕಂಡಿತು ನನಗೆ. ನಮ್ಮ ಬೆಂಚಿನಲ್ಲಿ ಅವರು ನನ್ನ ಬಲಗಡೆಗೇ ಕೂತಿದ್ದರು, ಎಂದಿನಂತೆ.

ಅವತ್ತಿನಿಂದ ನಾಲ್ಕು ದಿನ ನಾನು ಬೇರೆ ಏನನ್ನೂ ಹೊಡೆಯಲಿಲ್ಲ. ಅಪ್ಪ ತಂದ ಪದಗಳನ್ನೇ ಹೊಡೆದೆ. ಮೇಯ್ಜ್, ಕ್ವಾರ್ಟ್ಜ್, ಮೇಯ್ಜ್, ಕ್ವಾರ್ಟ್ಜ್... ಕಡೆಯ ದಿನ ಮೇಷ್ಟ್ರು ಬೆನ್ನು ತಿರುಗಿಸಿ ಕೂತು, ಒಂದು ಪುಟ ಹೊಡಿ ಎಂದರು. ಪೇಪರು ಮುಂದಿತ್ತು, ಪುಟ ಮಾತ್ರ ಮಗುಚಲಿಲ್ಲ. ನಾನು ಮುಗಿಸಿದ ಮೇಲೆ ಹಾಳೆ ತೆಗೆದುಕೊಂಡು ಕಿಟಕಿಗೆ ಹೋದರು. ಬೆಳಕಿಗೆ ಹಿಡಿದು ಸಾಲುಸಾಲಾಗಿ ನೋಡಿದರು. ನನ್ನ ಎದೆ ಗೂಳಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಎ ಅಕ್ಷರಗಳೆಲ್ಲ ತೆಳ್ಳಗೆ ಮೂಡಿದ್ದವು, ಒಂದೂ ಬಿಡದ ಹಾಗೆ. ಅಚ್ಚು ಕಪ್ಪಗೆ ಬರಲಿ ಎಂದು ಲೋಕವೇ ಒದ್ದಾಡುತ್ತದೆ, ನಾನು ತೆಳ್ಳಗೆ ಬಂದಿದ್ದಕ್ಕೆ ಕುಣಿದಾಡಿದೆ. ಅವರು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಪೆನ್ನು ತೆಗೆದು, ಅರ್ಜಿಗೆ ಸಹಿ ಹಾಕಿದರು.

ಪರೀಕ್ಷೆ ಚಾಮರಾಜನಗರದಲ್ಲಿ ನಡೆಯಿತು. ಟೈಪ್ ಮಾಡಲು ಕೊಟ್ಟ ಪತ್ರದ ಮೇಲುಗಡೆ ಊರಿನ ಹೆಸರೇ ಇತ್ತು. ಆರು ಎ. ನನಗೆ ನಗು ತಡೆಯಲಾಗಲಿಲ್ಲ. ಪಾಸಾದೆ, ಆಮೇಲೆ ಸೀನಿಯರ್ ಪರೀಕ್ಷೆಯೂ ಆಯಿತು, ಅದರ ಬಲದ ಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಮೇಷ್ಟ್ರಿಗೆ ಸ್ವೀಟ್ ಬಾಕ್ಸ್ ಕೊಟ್ಟು ಕಾಲಿಗೆ ಬಿದ್ದಾಗ, ನನ್ನ ಬೆರಳು ಉಳಿಸಿದಿರಿ ಸಾರ್ ಎಂದಿದ್ದೆ. ಬೆರಳು ಉಳಿಸಿದ್ದು ಡಾಕ್ಟರು ಎಂದು ಅವರು ನಗಾಡಿದರು. ಆಮೇಲೆ ಮದುವೆ, ಮಕ್ಕಳು, ವರ್ಗಾವಣೆ. ಗುಂಡ್ಲುಪೇಟೆಯನ್ನು ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ಇಳಿದು ಒಂದು ಸಲ ನೋಡಿಕೊಂಡು ಬರಬೇಕು ಅಂದುಕೊಳ್ಳುತ್ತಿದ್ದೆ. ಇಳಿದದ್ದು ಎರಡೋ ಮೂರೋ ಸಲ...

ಅವರು ತೀರಿಕೊಂಡ ಸುದ್ದಿ ಬಂದಾಗ ಅಪ್ಪನಿಗೆ ಫೋನ್ ಮಾಡಿದೆ. ನಾನೂ ಬತ್ತೀನಿ ಎಂದರು. ಎಪ್ಪತ್ತು ದಾಟಿದ ಮೇಲೆ ಅವರು ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದರು. ಅವತ್ತು ಬಿಳಿ ಪಂಚೆ ಉಟ್ಟು ನನಗಿಂತ ಮೊದಲೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದರು. ಮೇಷ್ಟ್ರ ಹೆಂಡತಿ ನಮ್ಮನ್ನು ಒಳಗೆ ಕರೆದು ಕೂರಿಸಿದರು. ನಾನು ಅವರ ಶಿಷ್ಯೆ ಎಂದು ಹೇಳುವುದರೊಳಗೆ ಅಪ್ಪ, ನಾನೂ ಅವರ ಹತ್ತಿರ ಪಾಠ ಕಲಿತವನೇ ತಾಯಿ ಎಂದರು. ನಾನು ಅಪ್ಪನ ಮುಖ ನೋಡಿದೆ.

ಆಗ ಹೇಳಿದರು. ಒಂಬತ್ತು ಬೆರಳಿಗೆ ಸಹಿ ಹಾಕುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಅಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದೆನಂತೆ. ಹೊರಗೆ ಜಗಲಿಯ ಮೇಲಿದ್ದ ಅಪ್ಪನಿಗೆ ಅದು ಕೇಳಿಸಿತ್ತು. ಮಾರನೆಯ ದಿನವೇ, ನಾನು ಮನೆಗೆ ಬಂದ ಮೇಲೆ, ಅವರು ಒಬ್ಬರೇ ಗುಂಡ್ಲುಪೇಟೆಗೆ ಹೋಗಿ ಮೇಷ್ಟ್ರ ಮುಂದೆ ನಿಂತಿದ್ದರು. ಆ ಬೆರಳೊಂದನ್ನು ಬಿಟ್ಟುಬಿಡಿ, ಒಂಬತ್ತರಲ್ಲೇ ಕಲಿಸಿ, ತಪ್ಪು ಅವಳದ್ದಲ್ಲ, ಕಡಿದವನು ನಾನು ಎಂದು ಬೇಡಿಕೊಂಡಿದ್ದರು. ನನ್ನ ಮುಂದೆ ಒಂದು ಸಲವೂ ಆಡದ ಮಾತನ್ನು ಗುರುತು ಪರಿಚಯ ಇಲ್ಲದವರ ಮುಂದೆ ಆಡಿ, ಅಲ್ಲೇ ಅತ್ತಿದ್ದರು. ಅಪ್ಪ ಅತ್ತು ಮುಗಿಸಿದ ಮೇಲೆ ಮೇಷ್ಟ್ರು ಒಂದು ಹಿಡಿ ಕಡ್ಲೆಪುರಿ ಕೈಗೆ ಹಾಕಿದರಂತೆ.

"ಕಡ್ದ ಕೈಯೇ ಅದಕ್ಕೆ ಕೆಲ್ಸ ಹುಡುಕ್ಕೊಂಡು ಬರ್ಲಿ ಅಂದ್ರು ಕಣವ್ವ," ಎಂದರು ಅಪ್ಪ. "ಮೂರಕ್ಷರ ಬರ್ದು ಕೊಟ್ರು. ಅದ್ನ ಜೇಬಲ್ಲಿ ಮಡೀಕಂಡು ಬಂದೆ."

ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೂ ಹೇಳಲಿಲ್ಲ ನೋಡಿ ಎಂದರು. ನಾನು ಗೋಡೆ ನೋಡುತ್ತ ಕೂತಿದ್ದೆ. ನೋಟ್‌ಬುಕ್ ನನ್ನ ಬೆರಳಿಗೆ ಎಂದುಕೊಂಡಿದ್ದೆ. ಗುಂಡಿ ಹಾಕಲಾರದ ಬೆರಳಿಗಿಂತ, ಅದನ್ನು ನೋಡಲಾರದ ಅಪ್ಪನ ಕಣ್ಣಿನ ಚಿಂತೆ ಮೇಷ್ಟ್ರಿಗೆ ಹೆಚ್ಚಾಗಿತ್ತು ಎಂದು ತಿಳಿಯುವಾಗ ಅವರೇ ಇರಲಿಲ್ಲ. ತಡೆಯಲಾಗದೆ ಅತ್ತುಬಿಟ್ಟೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ಅಪ್ಪ ಪಕ್ಕದಲ್ಲಿ ಕೂತರು, ಎಡಗಡೆಗೆ. ಬಸ್ಸು ಊರು ದಾಟಿತು. ಆಮೇಲೆ ಅವರು ನನ್ನ ಎಡಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಕಿರುಬೆರಳನ್ನು ಬಿಡಿಸಿ, ಹೊಲಿಗೆಯ ಗುರುತನ್ನು ಹೆಬ್ಬೆರಳಿನಿಂದ ಸವರಿದರು.

"ಇನ್ನೂ ನೋಯ್ತದಾ ಕೂಸು?"

"ಚಳೀಲಿ ಒಸಿ ನೋಯ್ತದೆ ಕಣಪ್ಪ," ಎಂದೆ.

ಅಪ್ಪ ತಲೆಯಾಡಿಸಿದರು. ಕೈ ಬಿಡಲಿಲ್ಲ. ಆ ಒಂದು ಪ್ರಶ್ನೆ ಕೇಳಲು ಅವರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಪ್ಪ ಕೇಳಿದರು ಎಂದು ನಾನು ಓಡಿಹೋಗಿ ಹೇಳಬೇಕಾಗಿದ್ದವರು ಒಬ್ಬರೇ ಇದ್ದರು, ಅವರ ಮನೆಯಿಂದಲೇ ನಾವು ಬರುತ್ತಿದ್ದೆವು...